ಹಿಂದಿನ ಸೀಟಿನಲ್ಲಿ ಯಾರಿದ್ದಾರೆ?

"ಒಂದು ಹಳೇ ಕನ್ವರ್ಟಿಬಲ್ ತಗೊಳ್ಳೋಣ ಅಂತಿದೀನಿ. ವೀಕೆಂಡಿಗಲ್ಲ, ದಿನಾ ಆಫೀಸಿಗೆ ಹೋಗಿಬರೋಕೆ." ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಮ್ಮವರು ಸೇರಿದ ಯಾವುದಾದರೂ ಪಾಟ್‌ಲಕ್‌ನಲ್ಲಿ ಹೀಗಂದು ನೋಡಿ. ಮೂರು ಪ್ರಶ್ನೆ ಬಂದೇ ಬರುತ್ತವೆ. ಮಳೆ ಬಂದ್ರೆ ಏನ್ಮಾಡ್ತೀಯ? ಕಾಸ್ಟ್‌ಕೋ ಸಾಮಾನು ಎಲ್ಲಿಡ್ತೀಯ? ಊರಿಂದ ಅಪ್ಪ-ಅಮ್ಮ ಬಂದ್ರೆ ಎಲ್ಲಿ ಕೂರಿಸ್ತೀಯ?

ಮೊದಲ ಎರಡಕ್ಕೆ ಉತ್ತರ ಸುಲಭ. ಇಲ್ಲಿ ಮಳೆ ಅಂದರೆ ಬಹುತೇಕ ನವೆಂಬರಿನಿಂದ ಮಾರ್ಚಿನವರೆಗೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹನಿ ಬೀಳದಿರುವುದು ಮಾಮೂಲು. ಬಿದ್ದರೂ ಕಾರಿಗೆ ಟಾಪ್ ಅಂತ ಒಂದು ಇದ್ದೇ ಇದೆಯಲ್ಲ! ಸಾಮಾನಿನ ಮಾತಿಗೆ ಬಂದರೆ, ಇಪ್ಪತ್ತು ಪೌಂಡಿನ ಅಕ್ಕಿ ಚೀಲ, ವಾರದ ತರಕಾರಿ, ಹಾಲು ಇಷ್ಟಕ್ಕೆ ಸಣ್ಣ ಡಿಕ್ಕಿ ಸಾಕು. ಸೋಫಾ ಕೊಂಡ ದಿನ ಅಂಗಡಿಯವರೇ ಮನೆಗೆ ತಲುಪಿಸ್ತಾರೆ. ಮೂರನೆಯದು ಮಾತ್ರ ಹಾಗಲ್ಲ. ಅಲ್ಲಿ ಮಾತು ಸಾಮಾನಿನದಲ್ಲ, ಮನುಷ್ಯರದು. ಅದನ್ನು ಕೊನೆಗೆ ಇಟ್ಟುಕೊಳ್ಳೋಣ. ಅದಕ್ಕೂ ಮುಂಚೆ ಈ ಆಸೆ ಎಂಥದ್ದು ಅಂತ ನೋಡಬೇಕು.

ಕನ್ವರ್ಟಿಬಲ್ ಅಂದ ಕೂಡಲೇ ನಮಗೆ ಕಾಣುವುದು ಸಿನಿಮಾ ಹೀರೋ. ಹಿಂದೆಯೇ ಬರುವ ಪದ "ಶೋಕಿ". ಆದರೆ ನಾನು ಹೇಳುತ್ತಿರುವುದು ಮಾಜ್ದಾ ಮಿಯಾಟದಂಥ ಕಾರಿನ ಬಗ್ಗೆ. ಹಳೇ ಬ್ರಿಟಿಷ್ ರೋಡ್‌ಸ್ಟರ್‌ಗಳ ಥರ ಹಗುರವಾದ, ಅಗ್ಗದ ಕಾರೊಂದನ್ನು ಮಾಡಿ ಅಂತ ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತ 1979ರಲ್ಲಿ ಮಾಜ್ದಾದ ಕೆನಿಚಿ ಯಮಾಮೊಟೊ ಅವರಿಗೆ ಸಲಹೆ ಕೊಟ್ಟಿದ್ದ. ಹತ್ತು ವರ್ಷದ ನಂತರ, 1989ರ ಶಿಕಾಗೊ ಆಟೋ ಶೋನಲ್ಲಿ ಮಿಯಾಟ ಹೊರಬಂತು. ಎರಡು ಸೀಟು, 1.6 ಲೀಟರ್ ಎಂಜಿನ್, 116 ಹಾರ್ಸ್‌ಪವರ್, ಒಂದು ಟನ್ನಿನೊಳಗಿನ ತೂಕ. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿದ್ದವು. ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾಲು ಧಾರಾಳವಾಗಿ ಸಿಗುತ್ತದೆ. ಎರಡನೇ ತಲೆಮಾರಿನ ಒಂದು ಮಿಯಾಟದ ಬೆಲೆ ಹೊಸ ಕ್ಯಾಮ್ರಿಯ ಅರ್ಧಕ್ಕಿಂತ ಕಡಿಮೆ. ಆಫೀಸಿನ ಪಾರ್ಕಿಂಗ್‌ನಲ್ಲಿ ಎರಡು ಟೆಸ್ಲಾಗಳ ಮಧ್ಯೆ ಇಂಥದೊಂದು ನಿಂತರೆ ಯಾರೂ ತಿರುಗಿ ನೋಡಲ್ಲ. ಶೋಕಿಗೆ ನೋಡುವವರು ಬೇಕು. ಇಪ್ಪತ್ತು ವರ್ಷ ಹಳೆಯ, ಬಿಸಿಲಿಗೆ ಬಣ್ಣ ಮಾಸಿದ ಕಾರಿನಿಂದ ಸಿಗುವ ಸುಖ ಓಡಿಸುವವನಿಗೆ ಮಾತ್ರ ಗೊತ್ತು.

ಸರಿ, ಸುಖವೇ ಇರಲಿ. ದಿನಾ ಬೇಕಾ? ಹಬ್ಬದ ಒಬ್ಬಟ್ಟನ್ನು ದಿನಾ ಮಾಡಿದರೆ ಹಬ್ಬಕ್ಕೇನು ಉಳೀತು ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಎಲ್ಲ ಸುಖವೂ ಒಬ್ಬಟ್ಟಿನ ಜಾತಿಯದಲ್ಲ. ಬೆಳಗಿನ ಫಿಲ್ಟರ್ ಕಾಫಿ ಮೂವತ್ತು ವರ್ಷ ಕುಡಿದರೂ ಸಪ್ಪೆಯಾಗಲ್ಲ. ನಾನೂರು ಹಾರ್ಸ್‌ಪವರಿನ ದುಬಾರಿ ಕಾರು ಒಬ್ಬಟ್ಟು. 65 ಮೈಲಿ ಮಿತಿಯ ಫ್ರೀವೇಯಲ್ಲಿ ಅದರ ಮುಕ್ಕಾಲು ಶಕ್ತಿಗೆ ಕೆಲಸವೇ ಇಲ್ಲ, ಅದರ ಸುಖಕ್ಕೆ ಬೇರೆ ರಸ್ತೆ, ಬೇರೆ ದಿನ ಬೇಕು. ಸಣ್ಣ ಕಾರು ಕಾಫಿ. ಕುದುರೆ ಮತ್ತು ಸವಾರ ಒಂದೇ ಜೀವ ಎಂಬ ಅರ್ಥದ "ಜಿನ್ಬಾ ಇತ್ತಾಯಿ" ಅನ್ನೋ ಜಪಾನೀ ಮಾತನ್ನು ಮಾಜ್ದಾದವರು ಈ ಕಾರಿಗೆ ಸೂತ್ರ ಮಾಡಿಕೊಂಡರು. ಸ್ಟೀರಿಂಗ್ ತಿರುಗಿಸಿದಷ್ಟೇ ತಿರುಗುವುದು, ಗೇರು ಕೈಗೆ ಸಿಕ್ಕಂತೆ ಬೀಳುವುದು, ಇದೆಲ್ಲ ಮೂವತ್ತೈದು ಮೈಲಿ ವೇಗದಲ್ಲಿ, ಮನೆ ಹತ್ತಿರದ ತಿರುವಿನಲ್ಲೇ ಗೊತ್ತಾಗುತ್ತದೆ.

ಟಾಪ್ ಇಳಿಸಿದರೆ ಊರೂ ಗೊತ್ತಾಗುತ್ತದೆ. ಹೈವೇ 101ರಲ್ಲಿ ಗಿಲ್ರಾಯ್ ದಾಟುವಾಗಿನ ಬೆಳ್ಳುಳ್ಳಿ ವಾಸನೆ, ಸ್ಕೈಲೈನ್ ರಸ್ತೆಯಲ್ಲಿ ರೆಡ್‌ವುಡ್ ಮರಗಳ ಕೆಳಗೆ ಹೊಕ್ಕ ತಕ್ಷಣ ಮೈಗೆ ತಾಗುವ ತಣ್ಣನೆ ಗಾಳಿ. ಇನ್ನೊಂದು ಲಾಭವನ್ನು ಯಾವ ಜಾಹೀರಾತೂ ಹೇಳಲ್ಲ: ಟಾಪ್ ಇಳಿಸಿಕೊಂಡು ಫ್ರೀವೇಯಲ್ಲಿ ಹೋಗುವಾಗ ಫೋನಿನಲ್ಲಿ ಮಾತಾಡೋಕಾಗಲ್ಲ. ಒಂಬತ್ತರ ಸ್ಟ್ಯಾಂಡಪ್ ಮೀಟಿಂಗಿಗೆ ಕಾರಿನಿಂದಲೇ ಸೇರೋದು ಅಸಾಧ್ಯ. ಮುಚ್ಚಿದ ಕಾರು ಈಗ ಆಫೀಸಿನ ಇನ್ನೊಂದು ಕೋಣೆಯಾಗಿಬಿಟ್ಟಿದೆ. ಹೋಗ್ತಾ ನಲವತ್ತು, ಬರ್ತಾ ನಲವತ್ತು ನಿಮಿಷ ಮತ್ತೆ ನಿಮ್ಮದಾಗೋದು ಸಣ್ಣ ವಿಷಯವಲ್ಲ.

ಹಿರಿಯರು ಪುರುಷಾರ್ಥಗಳನ್ನು ಎಣಿಸುವಾಗ ಕಾಮವನ್ನು ಪಟ್ಟಿಯಿಂದ ಬಿಡಲಿಲ್ಲ. ಧರ್ಮದ ಅಂಕೆಯಲ್ಲಿರಲಿ ಅಂದರು, ಅಷ್ಟೆ. ನಾವು ಅದನ್ನು ಅರ್ಥದ ಅಂಕೆಗೆ ಕೊಟ್ಟಿದ್ದೇವೆ. ರೀಸೇಲ್ ವ್ಯಾಲ್ಯೂ ಎಷ್ಟು, ಮೈಲೇಜ್ ಎಷ್ಟು ಅಂತ ಕೇಳ್ತೀವಿ. ಓಡಿಸೋಕೆ ಖುಷಿಯಾಗುತ್ತಾ ಅಂತ ಕೇಳೋಕೆ ನಾಚಿಕೆ. ಧರ್ಮದ ಪ್ರಶ್ನೆಯನ್ನಂತೂ ಕೇಳೋದೇ ಇಲ್ಲ.

ಹಾಗಂತ ಕಣ್ಣು ಮುಚ್ಚಿಕೊಂಡು ಕೊಳ್ಳೋದು ಬೇಡ. ದಿನದ ಕಾರು ತಿಂಗಳಲ್ಲಿ ಹತ್ತು ದಿನ ಗ್ಯಾರೇಜಿನಲ್ಲಿದ್ದರೆ ಅದು ದಿನದ ಕಾರೇ ಅಲ್ಲ. ಟಾಪಿನ ಹೊಲಿಗೆ, ಹಿಂದಿನ ಕಿಟಕಿಯ ಅಂಚು ನೋಡಿ. ಸೀಟುಗಳ ಹಿಂದೆ ಮಳೆನೀರು ಇಳಿದುಹೋಗುವ ಕೊಳವೆಗಳಿರುತ್ತವೆ. ಎಲೆ-ಕಸ ಕಟ್ಟಿಕೊಂಡರೆ ನೀರು ಒಳಗೇ ನಿಂತು ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿಯುತ್ತದೆ. ಕಾರ್ಪೆಟ್ ಒತ್ತಿ ನೋಡಿ, ತೇವ ಇದ್ದರೆ ಬಿಟ್ಟುಬಿಡಿ. ಮೊದಲೆರಡು ತಲೆಮಾರಿನ ಮಿಯಾಟಗಳಿಗೆ ಸುಮಾರು 60,000 ಮೈಲಿಗೊಮ್ಮೆ ಟೈಮಿಂಗ್ ಬೆಲ್ಟ್ ಬದಲಿಸಬೇಕು, ರಸೀದಿ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ ಸರ್ಟಿಫಿಕೇಟ್ ಕೊಡಬೇಕಾದವರು ಮಾರುವವರೇ. ಕೊಳ್ಳೋದಾದರೆ ಚಳಿಗಾಲದಲ್ಲಿ ಕೊಳ್ಳಿ. ಎಲ್ಲರೂ ಬಿಸಿಲು ಕಂಡ ಮೇಲೆ ಹುಡುಕೋಕೆ ಶುರು ಮಾಡ್ತಾರೆ, ಬೆಲೆಯೂ ಆಗಲೇ ಏರುತ್ತದೆ.

ಈಗ ಆ ಮೂರನೇ ಪ್ರಶ್ನೆ.

ಅಪ್ಪ-ಅಮ್ಮ ಇಲ್ಲಿಗೆ ಬರೋದು ನಾಲ್ಕು ದಿನಕ್ಕಲ್ಲ. ವಿಸಿಟರ್ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಅಂದರೆ ಅರ್ಧ ವರ್ಷ. ಇಲ್ಲಿನ ಬಡಾವಣೆಗಳಲ್ಲಿ ನಡೆದುಹೋಗುವಷ್ಟು ದೂರದಲ್ಲಿ ಅಂಗಡಿಯಿಲ್ಲ, ಅರಳಿಕಟ್ಟೆಯಿಲ್ಲ. ಮಗನ ಕಾರೇ ಅವರ ಕಾಲು. ಎರಡು ಸೀಟಿನ ಕಾರು ಮಾತ್ರ ಇರುವ ಮನೆಯಲ್ಲಿ, ಲಿವರ್‌ಮೋರ್ ದೇವಸ್ಥಾನಕ್ಕೆ ಹೊರಟ ದಿನ ಅಪ್ಪ "ನೀನು ಅಮ್ಮನ್ನ ಕರ್ಕೊಂಡು ಹೋಗಪ್ಪಾ, ನಂಗೇನೋ ಸುಸ್ತು" ಅಂತಾರೆ. ಬೇಜಾರು ತೋರಿಸಿಕೊಳ್ಳಲ್ಲ. ನೆಲಕ್ಕೆ ಅಂಟಿಕೊಂಡಂತಿರುವ ಸೀಟಿಂದ ಏಳುವಾಗ ಅಮ್ಮ ಮಂಡಿ ನೋವನ್ನು ನುಂಗಿಕೊಳ್ತಾರೆ. ಇದು ಬಾಡಿಗೆ ಕಾರಿನಿಂದ ಬಗೆಹರಿಯುವ ಲೆಕ್ಕವಲ್ಲ, ಆರು ತಿಂಗಳ ಬಾಡಿಗೆ ಯಾರಿಗೆ ಕಟ್ಟಲು ಬರುತ್ತೆ? ಇಂಥ ಮನೆಯಲ್ಲಿ, ಮತ್ತೊಂದು ಕಾರಿಲ್ಲದಿದ್ದರೆ, ಮಿಯಾಟ ಬೇಡ. ನಾಲ್ಕು ಸೀಟಿನ ಹಳೇ ಮಸ್ಟ್ಯಾಂಗ್ ಅಥವಾ ಕ್ರೈಸ್ಲರ್ ಸೆಬ್ರಿಂಗ್ ಕನ್ವರ್ಟಿಬಲ್ ನೋಡಿ. ತಿರುವಿನಲ್ಲಿ ಅಷ್ಟು ಚುರುಕಲ್ಲ, ಆದರೂ ಆಕಾಶ ಅಷ್ಟೇ ಕಾಣುತ್ತದೆ. ಹತ್ತಿ ಇಳಿಯೋದು ಹೇಗಿದೆ ಅಂತ ಅವರನ್ನೇ ಒಮ್ಮೆ ಕೂರಿಸಿ ನೋಡಿ. ಅದೂ ಆಗಲ್ಲ ಅಂದರೆ ಕ್ಯಾಮ್ರಿಯೇ ಸರಿ, ಅದರಲ್ಲಿ ಸೋಲೇನೂ ಇಲ್ಲ.

ಆದರೆ ಎಷ್ಟೋ ಮನೆಗಳಲ್ಲಿ ಆ ಹಿಂದಿನ ಸೀಟಿನಲ್ಲಿ ಕೂರುವುದು ಅಪ್ಪ-ಅಮ್ಮ ಅಲ್ಲ, "ಯಾರಾದರೂ ಬಂದರೆ" ಎಂಬ ಅತಿಥಿ. ಇವರಿಗೆ ಹೆಸರಿಲ್ಲ, ಟಿಕೆಟ್ ಬುಕ್ ಆಗಿಲ್ಲ. ಗಂಡ-ಹೆಂಡತಿ ಇಬ್ಬರೇ ಇರುವ ಮನೆಯ ಏಳು ಸೀಟಿನ ಎಸ್‌ಯುವಿಯಲ್ಲಿ ಐದು ಸೀಟು ಇವರಿಗೇ ಮೀಸಲು. ಇವರಿಗಾಗಿ ದೊಡ್ಡ ಸಾಲ, ಹೆಚ್ಚು ಪೆಟ್ರೋಲು, ಉದ್ದದ ಪಾರ್ಕಿಂಗ್ ಹುಡುಕಾಟ. ಇದಕ್ಕೆ ಜವಾಬ್ದಾರಿ ಅಂತ ಹೆಸರಿಟ್ಟುಕೊಳ್ತೇವೆ. ಹೆಸರಿರುವ ಮನುಷ್ಯರಿಗಾಗಿ ಸುಖ ಬಿಡುವುದು ಜವಾಬ್ದಾರಿ. ಹೆಸರಿಲ್ಲದವರಿಗಾಗಿ ಬಿಡುವುದು ಬರೀ ಅಂಜಿಕೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಎಚ್ಚರ ಬೇಕು.

ಬೇರೆ ಮಾಡೋಕೆ ಒಂದು ದಾರಿಯಿದೆ. ಕಾರು ಹುಡುಕುವ ಮುಂಚೆ ಕ್ಯಾಲೆಂಡರ್ ತೆಗೆದುಕೊಂಡು ಕೂತುಕೊಳ್ಳಿ. ಹೋದ ವರ್ಷ ನಿಮ್ಮ ಹಿಂದಿನ ಸೀಟಿನಲ್ಲಿ ಯಾರು ಯಾರು, ಯಾವ ತಿಂಗಳು ಕೂತಿದ್ದರು ಅಂತ ಬರೆಯಿರಿ. ಮುಂದಿನ ವರ್ಷ ಬರುವುದು ಗೊತ್ತಿರುವವರನ್ನೂ ಸೇರಿಸಿ. ಹೆಸರು ಬಂದರೆ ಅವರಿಗೆ ಹೊಂದುವ ಕಾರು ಕೊಳ್ಳಿ, ಮನಸಾರೆ ಕೊಳ್ಳಿ. ಹಾಳೆ ಖಾಲಿ ಉಳಿದರೆ, ಮಳೆಗಾಲ ಮುಗಿಯುವುದರೊಳಗೆ ಒಂದು ಒಳ್ಳೆ ಮಿಯಾಟ ಹುಡುಕಿಕೊಳ್ಳಿ.