ಇನ್ನೊಂದು ಹೆಸರು

"ಟೀಚರೇ, ಮಗನ ಚೆಕ್ ಕೇಸಿನ ವಾಯಿದೆ ಯಾವತ್ತು, ನೋಡ್ತೀರಾ?" ಎಂದು ಪಕ್ಕದ ಮನೆಯಾಕೆ ಬಂದರು. ಕುಂಸಿಯಲ್ಲೇ ಕೂತು ಇ-ಕೋರ್ಟ್ಸ್‌ನಲ್ಲಿ ಶಿವಮೊಗ್ಗ ನ್ಯಾಯಾಲಯ, ವರ್ಷ, ಹೆಸರು ಹಾಕಿದೆ. 'ಎನ್‌ಬಿಡಬ್ಲ್ಯೂ' ಎಂದಿತ್ತು, ಜಾಮೀನುರಹಿತ ವಾರಂಟು. ಅದು ಹಳೆಯದಾಗಿ ತಾನೇ ಅಳಿಯುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮಿನಂತೆ, ಹೊರಡಿಸಿದ ಕೋರ್ಟೇ ರದ್ದುಮಾಡಬೇಕು, ಇಲ್ಲವೇ ಜಾರಿಯಾಗಬೇಕು. ಹುಡುಗ ಮರುದಿನವೇ ವಕೀಲರೊಂದಿಗೆ ಹಾಜರಾಗಿ ರೀಕಾಲ್ ಅರ್ಜಿ ಕೊಟ್ಟ. ಸ್ವಲ್ಪ ದಂಡ, ಮುಗಿಯಿತು.

ಆದರೆ ಆ ರಾತ್ರಿ, ಯಾರೂ ಕೇಳದೆ, ಇನ್ನೊಂದು ಹೆಸರು ಹಾಕಿದೆ. ತಂಗಿಯ ಮಗಳಿಗೆ ನೋಡಿದ್ದ ವರನದು. ಅಲ್ಲೂ ವಾರಂಟು! ಅವನದೋ, ಅದೇ ಹೆಸರಿನ ಬೇರೆಯವನದೋ? ದಾಖಲೆ ಎಲ್ಲರಿಗೂ ತೆರೆದದ್ದೇ, ನಿಜ. ಆದರೂ ಅವನನ್ನು ಕೇಳದೆ ತಂಗಿಗೆ ಹೇಳಲೇ? ಹೇಳದೆ ಮದುವೆಯಾಗಿಬಿಟ್ಟರೆ?

ಮೂರು ದಿನವಾಯಿತು. ತಂಗಿಯ ಫೋನು ಬಂದರೆ, ಹಾಲು ಉಕ್ಕುತ್ತಿದೆ ಎಂದು ಇಟ್ಟುಬಿಡುತ್ತಿದ್ದೇನೆ.