ಬಾವಿಯ ಹಗ್ಗ ಯಾರದು?

2024ರ ಏಪ್ರಿಲ್ ತಿಂಗಳ ಮಾತು. ನಾವು ಒಂದು ಕತೆಯನ್ನು ಗಣಕಯಂತ್ರದಲ್ಲಿ ಬರೆದು ಮುಗಿಸಿ ಅಕ್ಷರದೋಷಗಳನ್ನು ತಿದ್ದುತ್ತ ಕುಳಿತಿದ್ದೆವು. ಚುನಾವಣೆಯ ಕತೆಯಾದ್ದರಿಂದ 'ರ‍್ಯಾಲಿ' ಎಂಬ ಪದ ಏಳೆಂಟು ಕಡೆ ಬರುತ್ತಿತ್ತು. ಬಂದಲ್ಲೆಲ್ಲ ರಕಾರವು ಮುಂದೆ ನಿಂತು ಯಕಾರವನ್ನು ಒತ್ತಾಗಿ ಇಟ್ಟುಕೊಳ್ಳುವ ಬದಲು ತಾನೇ ಅರ್ಕಾವತ್ತಾಗಿ ಬಲಕ್ಕೆ ಹೋಗಿ ಕುಳಿತಿತ್ತು. ಎಷ್ಟು ಸಲ ಅಳಿಸಿ ಬರೆದರೂ ಅದೇ ಕತೆ. ನಮಗೆ ಸಿಟ್ಟು ಬಂತು. ನಾವು ಬಳಸುತ್ತಿದ್ದ ಫಾಂಟು ಯಾರೋ ಒಬ್ಬರು ಮಾಡಿ, ಬೇಕಾದವರು ಬಳಸಲಿ ಎಂದು ಪುಕ್ಕಟೆಯಾಗಿ ಬಿಟ್ಟದ್ದು. ಅವರ ವಿಳಾಸ ಹುಡುಕಿ, ಕನ್ನಡದ ಅಕ್ಷರವನ್ನು ಸರಿಯಾಗಿ ಬರೆಯಲು ಬಾರದವರು ಈ ಕೆಲಸಕ್ಕೆ ಏಕೆ ಕೈಹಾಕಬೇಕು ಎಂಬರ್ಥದ ಒಂದು ಮಿಂಚಂಚೆ ಕಳಿಸಿದೆವು.

ಎರಡು ದಿನದ ಮೇಲೆ ಉತ್ತರ ಬಂತು. ತಾಯಿ ಆಸ್ಪತ್ರೆಯಲ್ಲಿದ್ದಾರೆ, ತಿಂಗಳ ಕೊನೆಯಲ್ಲಿ ನೋಡುತ್ತೇನೆ, ತೊಂದರೆಗೆ ಕ್ಷಮಿಸಿ ಎಂಬ ಮೂರೇ ಸಾಲು. ಅದನ್ನು ಓದಿಯೂ ನಮ್ಮ ಸಿಟ್ಟು ಇಳಿಯಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಹಬ್ಬಕ್ಕೆ ಊರಿಗೆ ಬಂದಿದ್ದ ನಮ್ಮ ತಂಗಿಯ ಮಗನಿಗೆ ಈ ಪತ್ರಗಳನ್ನು ತೋರಿಸಿದೆವು. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಓದಿ ನಗಲಿಲ್ಲ. "ಮಾಮೂ, ತಪ್ಪು ಫಾಂಟಿನದ್ದಲ್ಲ, ನಿಮ್ಮದು" ಎಂದ. ಯುನಿಕೋಡ್ ನಿಯಮದ ಪ್ರಕಾರ ರಕಾರದ ಮುಂದೆ ಹಲಂತವೂ ಇನ್ನೊಂದು ವ್ಯಂಜನವೂ ಬಂದರೆ ಅದು ಅರ್ಕಾವತ್ತಾಗಬೇಕಾದದ್ದೇ. ಆಗಬಾರದು ಎಂದಿದ್ದರೆ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಕೂಡುಗುರುತನ್ನು ನಾವೇ ಒತ್ತಬೇಕು. ಒತ್ತಿ ತೋರಿಸಿದ. ರಕಾರ ತನ್ನ ಜಾಗಕ್ಕೆ ಬಂತು. "ಅವರಿಗೆ ನೀವು ದುಡ್ಡು ಎಷ್ಟು ಕೊಟ್ಟಿದ್ದಿರಿ?" ಎಂದೂ ಕೇಳಿದ. ನಾವು ಉತ್ತರ ಕೊಡಲಿಲ್ಲ.

ಆ ರಾತ್ರಿ ಅವನು ಹೇಳಿದ ಸಂಗತಿಗಳು ನಮ್ಮನ್ನು ಬಹಳ ಕಾಲ ಕಾಡಿವೆ. ಓಪನ್ ಸೋರ್ಸ್ ಎಂದರೆ ಪುಕ್ಕಟೆ ತಂತ್ರಾಂಶ ಎಂದಷ್ಟೇ ನಾವು ತಿಳಿದಿದ್ದೆವು. ಅಷ್ಟೇ ಅಲ್ಲ. ತಂತ್ರಾಂಶದ ಒಡಲಾದ ಕೋಡನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಿಕೊಳ್ಳಬಹುದು, ತಿದ್ದಬಹುದು. ತಿದ್ದಿದವನು ಅದನ್ನು ಮೂಲದವರಿಗೆ ಕಳಿಸುತ್ತಾನೆ. ಇದಕ್ಕೆ ಇಂಗ್ಲಿಷಿನಲ್ಲಿ ಪ್ಯಾಚ್ ಎನ್ನುತ್ತಾರಂತೆ; ನಮ್ಮ ಅಮ್ಮಂದಿರು ಹರಿದ ಅಂಗಿಗೆ ಹಾಕುತ್ತಿದ್ದ ತೇಪೆ. ಮೂಲದವನು ಒಂದೊಂದು ಸಾಲನ್ನೂ ನೋಡಿ, ಪ್ರಶ್ನೆ ಕೇಳಿ, ಇನ್ನೊಮ್ಮೆ ಬರೆಸಿ, ಕೊನೆಗೆ ಒಪ್ಪುತ್ತಾನೆ ಅಥವಾ ಬಿಡುತ್ತಾನೆ. ಒಪ್ಪಿದ ಮೇಲೆ ಆ ತೇಪೆಯ ಹೊಣೆ ಅವನದು. ತೇಪೆ ಕೊಟ್ಟವನು ನಾಳೆ ಮದುವೆಯಾಗಿ, ಮಕ್ಕಳಾಗಿ ಮರೆತುಬಿಡಬಹುದು. ಇವನು ಮರೆಯುವ ಹಾಗಿಲ್ಲ.

ಕನ್ನಡದ ಒತ್ತಕ್ಷರ ತೆರೆಯ ಮೇಲೆ ಸರಿಯಾಗಿ ಕೂರುವುದಕ್ಕೆ ಫಾಂಟು ಒಂದೇ ಸಾಲದು. ಯಾವ ಅಕ್ಷರದ ಕೆಳಗೆ ಯಾವುದು ಎಂದು ಜೋಡಿಸುವ ತಂತ್ರಾಂಶವೊಂದು ನಡುವೆ ಕೆಲಸ ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಫೋನು, ಲಿಬ್ರೆ ಆಫೀಸ್ ಇವುಗಳಲ್ಲೆಲ್ಲ ಈ ಕೆಲಸ ಮಾಡುವುದು ಹರ್ಫ್‌ಬಝ್ ಎಂಬ ಒಂದು ಓಪನ್ ಸೋರ್ಸ್ ತಂತ್ರಾಂಶ. ಇರಾನ್ ಮೂಲದ ಬೆಹದಾದ್ ಎಸ್‌ಫಹಬೋದ್ ಅದನ್ನು ಬಹುಕಾಲ ಬೆಳೆಸಿದವರು. ಹೆಸರು ಪಾರಸಿ: ಹರ್ಫ್ ಎಂದರೆ ಅಕ್ಷರ, ಬಾಝ್ ಎಂದರೆ ತೆರೆದದ್ದು. ಉರ್ದು ಓದಿದ ನಮ್ಮ ಕಿವಿಗೆ ಅದು ಪತಂಗಬಾಜ್ ಎಂಬಂತೆ ಅಕ್ಷರದ ಆಟಗಾರ ಎಂದು ಕೇಳಿಸಿತು. ಉರ್ದುವಿನ ನಸ್ತಾಲೀಖ್ ಅಕ್ಷರ ಓರೆಯಾಗಿ ಇಳಿದು ಒಂದಕ್ಕೊಂದು ಕೈಹಿಡಿಯುವುದೂ, ಕನ್ನಡದ ಒತ್ತು ಕೆಳಗೆ ಹೋಗಿ ಕೂರುವುದೂ ಅದೇ ತಂತ್ರಾಂಶದ ಕೈಯಿಂದ. ನಾವು ಕಲಿತ ಎರಡು ಲಿಪಿಗಳಿಗೂ ಅನ್ನ ಹಾಕುತ್ತಿರುವವರ ಹೆಸರು ನಮಗೆ ಅಂದಿನವರೆಗೆ ಗೊತ್ತೇ ಇರಲಿಲ್ಲ.

ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಊರಿಗೆ ಬಾವಿ ತೋಡಿಸಿದ ಪುಣ್ಯಾತ್ಮನ ಕೆಲಸ ಬಾವಿಯಲ್ಲಿ ನೀರು ಬಂದಾಗ ಮುಗಿಯಿತೇ? ಹಗ್ಗ ಸವೆಯುತ್ತದೆ, ರಾಟೆ ತುಕ್ಕು ಹಿಡಿಯುತ್ತದೆ. ಹೊಸ ಹಗ್ಗ ತರಬೇಕಾದವನು ತೋಡಿಸಿದವನೋ, ನೀರು ಸೇದುವವರೋ? ಕಾನೂನು ಇದಕ್ಕೆ ಸುಲಭದ ಉತ್ತರ ಕೊಟ್ಟಿದೆ. ಓಪನ್ ಸೋರ್ಸ್ ಪರವಾನಗಿಗಳಲ್ಲಿ ಸಾಮಾನ್ಯವಾಗಿ ಒಂದು ಮಾತು ಇದ್ದೇ ಇರುತ್ತದೆ: ಇದು ಇದ್ದಂತೆ ಕೊಟ್ಟದ್ದು, ಯಾವ ಭರವಸೆಯೂ ಇಲ್ಲ. ಆದರೆ ಕಾನೂನಿನ ಋಣ ತೀರಿದಲ್ಲಿ ಮನುಷ್ಯರ ಋಣ ತೀರುವುದಿಲ್ಲ. ಕೊಟ್ಟವನಿಗೂ ಅಷ್ಟೆ, ತೆಗೆದುಕೊಂಡವನಿಗೂ ಅಷ್ಟೆ.

ಆ ಏಪ್ರಿಲ್‌ನಲ್ಲಿ ಸಾಫ್ಟ್‌ವೇರ್‌ನವರೆಲ್ಲ ಒಂದೇ ವಿಷಯ ಮಾತನಾಡುತ್ತಿದ್ದರಂತೆ. ಎಕ್ಸ್‌ಝೆಡ್ ಎಂಬ ತಂತ್ರಾಂಶವಿದೆ. ದೊಡ್ಡ ಕಡತಗಳನ್ನು ಒತ್ತಿ ಚಿಕ್ಕದು ಮಾಡುವುದು ಅದರ ಕೆಲಸ. ಲಿನಕ್ಸ್ ಇರುವಲ್ಲೆಲ್ಲ ಬಹುಮಟ್ಟಿಗೆ ಅದಿದೆ. ಫಿನ್‌ಲೆಂಡಿನ ಲಾಸ್ಸೆ ಕೊಲಿನ್ ಎಂಬವರು ಹದಿನೈದು ವರ್ಷ ಅದನ್ನು ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದರು. 2021ರಲ್ಲಿ ಜಿಯಾ ತಾನ್ ಎಂಬ ಹೆಸರಿನ ಒಬ್ಬರು ತೇಪೆ ಕಳಿಸಲು ಶುರು ಮಾಡಿದರು. ಒಳ್ಳೆಯ ತೇಪೆಗಳೇ. 2022ರಲ್ಲಿ ಬೇರೆ ಕೆಲವು ಹೆಸರುಗಳಿಂದ ಕೊಲಿನ್ ಅವರಿಗೆ ದೂರುಗಳು ಬರತೊಡಗಿದವು. ಕೆಲಸ ನಿಧಾನ, ನಿಮಗೆ ಆಸಕ್ತಿ ಉಳಿದಿಲ್ಲ, ಬೇರೆಯವರಿಗೆ ವಹಿಸಿಬಿಡಿ ಎಂಬ ಧಾಟಿಯವು. ಆಸಕ್ತಿ ಹೋಗಿಲ್ಲ, ಬಹುಕಾಲದಿಂದ ಮನಸ್ಸಿನ ಆರೋಗ್ಯ ಚೆನ್ನಾಗಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂಬುದನ್ನೂ ನೆನಪಿಡಿ ಎಂಬರ್ಥದಲ್ಲಿ ಅವರು ಎಲ್ಲರೂ ಓದುವಂತೆ ಉತ್ತರಿಸಿದರು. ಒಬ್ಬ ಮನುಷ್ಯ ಅಷ್ಟು ಹೇಳಿಕೊಂಡ ಮೇಲೂ ಒತ್ತಾಯ ನಿಲ್ಲಲಿಲ್ಲ. ಹಾಗೆ ದೂರುತ್ತಿದ್ದ ಹೆಸರುಗಳಲ್ಲಿ ಒಂದು ಜಿಗರ್ ಕುಮಾರ್. ಜಿಗರ್ ಎಂದರೆ ಉರ್ದುವಿನಲ್ಲಿ ಧೈರ್ಯಕ್ಕೂ ಮಮತೆಗೂ ನೆಲೆಯಾದ ಅಂಗ. ಜಿಗ್ರಿ ದೋಸ್ತ್ ಎಂದು ಕನ್ನಡದವರೂ ಹೇಳುತ್ತೇವಲ್ಲ, ಅದೇ.

ಕೊಲಿನ್ ಸಹಾಯಕ್ಕೆ ಬಂದವನನ್ನು ನಂಬಿದರು. 2023ರ ಹೊತ್ತಿಗೆ ಹೊಸ ಆವೃತ್ತಿಗಳನ್ನು ಬಿಡುಗಡೆ ಮಾಡುವ ಅಧಿಕಾರ ಜಿಯಾ ತಾನ್ ಕೈಗೆ ಬಂದಿತ್ತು. 2024ರ ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಬಂದ ಎರಡು ಆವೃತ್ತಿಗಳಲ್ಲಿ ಒಂದು ಕಳ್ಳಬಾಗಿಲು ಇತ್ತು. ಪರೀಕ್ಷೆಗೆಂದು ಇಟ್ಟ ಕಡತಗಳೊಳಗೆ ಅದನ್ನು ಹುದುಗಿಸಲಾಗಿತ್ತು. ಅದು ಎಲ್ಲ ಕಡೆ ಹರಡಿದ್ದರೆ ದೂರದ ಗಣಕಯಂತ್ರಗಳನ್ನು ಪ್ರವೇಶಿಸುವ ಬಾಗಿಲು, ಬೀಗದ ಕೈ ಇಲ್ಲದೆಯೇ ಒಬ್ಬನಿಗೆ ತೆರೆಯುತ್ತಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು ಬೇರೇನೋ ಅಳತೆ ಮಾಡುತ್ತಿದ್ದಾಗ, ಆ ಬಾಗಿಲು ತೆರೆಯಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಕಂಡರು. ಅರ್ಧ ಸೆಕೆಂಡನ್ನು ಅಲಕ್ಷ್ಯ ಮಾಡದೆ ಅದರ ಬೆನ್ನು ಹತ್ತಿದರು. ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು. ಬಹುಪಾಲು ಲಿನಕ್ಸ್ ವಿತರಣೆಗಳ ಸ್ಥಿರ ಆವೃತ್ತಿಗಳಿಗೆ ಅದು ಸೇರುವ ಮುನ್ನವೇ ಸಿಕ್ಕಿಬಿದ್ದಿತ್ತು.

ಜಿಯಾ ತಾನ್ ಯಾರೆಂದು ಇಂದಿಗೂ ಗೊತ್ತಿಲ್ಲ. ಹೆಸರು ಹಿಡಿದು ದೇಶ ಊಹಿಸಿದವರಿದ್ದರು. ಕನ್ನ ಕೊರೆಯಲು ಬಂದವನು ಸ್ವಂತ ಹೆಸರು ಹೇಳಿಕೊಂಡು ಬರುತ್ತಾನೆಯೇ? ಒತ್ತಾಯ ಮಾಡಿದ ಆ ಹೆಸರುಗಳೂ ಇದೇ ಸಂಚಿನ ಸುಳ್ಳು ಹೆಸರುಗಳೆಂದು ಹಲವರು ನಂಬಿದ್ದಾರೆ.

ನಮ್ಮ ಎದೆ ಝಲ್ಲೆಂದದ್ದು ಕಳ್ಳಬಾಗಿಲ ಮಾತು ಕೇಳಿ ಅಲ್ಲ. ಆ ಪತ್ರಗಳ ಬಗ್ಗೆ ಕೇಳಿ. ಎರಡು ವರ್ಷ ಯಾರಿಗೂ ಅವುಗಳ ಮೇಲೆ ಅನುಮಾನ ಬಂದಿರಲಿಲ್ಲ. ಏಕೆ ಬರಬೇಕು? ನಿಜವಾದ ಬಳಕೆದಾರರ ಪತ್ರಗಳೂ ಹಾಗೆಯೇ ಇರುತ್ತವೆ. ನಮ್ಮದೂ ಹಾಗೆಯೇ ಇತ್ತು. ಸಂಚು ಮಾಡಿದವರು ಹೊಸ ಆಯುಧವೇನೂ ಮಾಡಬೇಕಾಗಿರಲಿಲ್ಲ. ಪುಕ್ಕಟೆ ಪಡೆದವನ ಅಸಹನೆ ಎಂಬುದು ಎಲ್ಲೆಲ್ಲೂ ಬಿದ್ದಿತ್ತು, ಎತ್ತಿಕೊಂಡರು.

ಕೊಟ್ಟವನಿಗೆ ಹೊಣೆಯೇ ಇಲ್ಲವೆಂದು ನಮ್ಮ ವಾದವಲ್ಲ. ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೊಡ್ಡ ದೋಷ 2014ರ ಏಪ್ರಿಲ್‌ನಲ್ಲಿ ಬಯಲಾಯಿತು. ಬ್ಯಾಂಕಿನ ವ್ಯವಹಾರಗಳ ಗುಟ್ಟನ್ನೂ ಕಾಯುವ ತಂತ್ರಾಂಶ ಅದು. ಜರ್ಮನಿಯ ಒಬ್ಬ ಸಂಶೋಧಕರು ಕೊಟ್ಟ ಕೋಡಿನಲ್ಲಿ ಒಂದು ಅಳತೆ ನೋಡುವುದು ಬಿಟ್ಟುಹೋಗಿತ್ತು. ಪರಿಶೀಲಿಸಿದವರ ಕಣ್ಣಿಗೂ ಬೀಳಲಿಲ್ಲ. ಕೆಡುಕಿನ ಉದ್ದೇಶವಿರಲಿಲ್ಲ, ಹಾನಿ ಮಾತ್ರ ಹಾನಿಯೇ. ಸವೆದ ಹಗ್ಗವನ್ನು ಗೊತ್ತಿಲ್ಲದೆ ಕಟ್ಟಿದರೂ ಕೊಡ ಬಾವಿಗೆ ಬೀಳುತ್ತದೆ. ಆದರೆ ಲೋಕದ ಅಷ್ಟೊಂದು ವ್ಯಾಪಾರ ನಿಂತಿದ್ದ ಆ ತಂತ್ರಾಂಶಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್. ಪೂರ್ಣಾವಧಿ ಕೆಲಸಗಾರ ಒಬ್ಬರೇ. ಈ ಲೆಕ್ಕ ಬಯಲಾದ ಮೇಲಷ್ಟೇ ದೊಡ್ಡ ಕಂಪನಿಗಳು ಜೇಬಿಗೆ ಕೈಹಾಕಿದವು.

ಓಪನ್ ಸೋರ್ಸ್ ಎಂದರೆ ಪೂರಾ ದಾನಧರ್ಮ ಎಂದುಕೊಂಡರೂ ತಪ್ಪಾಗುತ್ತದೆ. ಲಿನಕ್ಸ್‌ನ ಕೇಂದ್ರಭಾಗದ ಹೆಚ್ಚಿನ ಕೋಡನ್ನು ಇಂದು ಬರೆಯುತ್ತಿರುವವರು ಕಂಪನಿಗಳ ಸಂಬಳದವರು. ಎಸ್‌ಫಹಬೋದ್ ಕೂಡ ರೆಡ್ ಹ್ಯಾಟ್, ಗೂಗಲ್ ಕಂಪನಿಗಳಲ್ಲಿ ಇದ್ದವರು. ಫ್ರಾಯಿಂಡ್ ಮೈಕ್ರೋಸಾಫ್ಟ್‌ನ ಉದ್ಯೋಗಿ; ಅರ್ಧ ಸೆಕೆಂಡಿನ ಬೆನ್ನು ಹತ್ತಲು ಅವರಿಗೆ ಬಿಡುವೂ ನೆಮ್ಮದಿಯ ಊಟವೂ ಇದ್ದವು ಎಂದು ನಾವು ಅಂದುಕೊಂಡಿದ್ದೇವೆ. ಒಬ್ಬಂಟಿಯಾಗಿದ್ದವರು ಕೊಲಿನ್. ಅವರು ಮಾಡಿದ್ದೇನು? ಇಷ್ಟಾದ ಮೇಲೂ ಕೈಬಿಟ್ಟು ಹೋಗಲಿಲ್ಲ. ಕೋಡನ್ನೆಲ್ಲ ಮತ್ತೆ ಜಾಲಾಡಿ, ಕೊಳೆ ತೆಗೆದು, 2024ರ ಮೇ ತಿಂಗಳಲ್ಲಿ ಹೊಸ ಆವೃತ್ತಿ ಕೊಟ್ಟರು. ಅದೂ ಪುಕ್ಕಟೆ.

ನಮ್ಮ ತಂಗಿಯ ಮಗನೂ ರಾತ್ರಿ ಹೊತ್ತು ಇಂಥ ಸಣ್ಣಪುಟ್ಟ ತೇಪೆ ಕಳಿಸುವವನು. ಅವನ ಮೊದಲನೆಯ ತೇಪೆ ಹದಿನೇಳು ಸಾಲಿನದು, ಮೂರು ಸಲ ಹಿಂದಕ್ಕೆ ಬಂತಂತೆ. ಕಥಾಸಂಕಲನ ಹಿಂದಕ್ಕೆ ಬಂದಾಗಿನ ನಮ್ಮ ಮುಖ ನೆನಪಾಯಿತು. "ಬೇಸರವಾಗಲಿಲ್ಲವೇ?" ಎಂದರೆ, "ಅಪರಿಚಿತನೊಬ್ಬ ನನ್ನ ಹದಿನೇಳು ಸಾಲು ಮೂರು ಸಲ ಓದಿದ್ದಾನೆ ಮಾಮೂ, ಬೇಸರ ಯಾಕೆ?" ಎಂದ. ಈಗ ಹೊಸಬರ ತೇಪೆಗಳನ್ನು ಅನುಮಾನದಿಂದಲೇ ನೋಡುವವರು ಹೆಚ್ಚಾಗಿದ್ದಾರೆ ಎಂದೂ ಹೇಳಿದ. ಅದು ಅವನಿಗೆ ನೋವು. ಜಿಯಾ ತಾನ್ ಮಾಡಿದ ಕೇಡಿನಲ್ಲಿ ಇದೂ ಒಂದು ಎಂದು ನಮಗನ್ನಿಸುತ್ತದೆ. ಕಳ್ಳಬಾಗಿಲನ್ನು ಮುಚ್ಚಬಹುದು, ಸಹಾಯಕ್ಕೆ ಬಂದವನ ಮುಖ ನೋಡಿದಾಗಿನ ಮೊದಲ ಸಂತೋಷವನ್ನು ಮರಳಿ ತರುವುದು ಹೇಗೆ?

ಆ ಫಾಂಟಿನವರು ತಿಂಗಳ ಕೊನೆಯಲ್ಲಿ ಹೇಳಿದಂತೆಯೇ ಬರೆದರು. ಕಾಣದ ಕೂಡುಗುರುತನ್ನು ಯಾವ ಕೀಲಿ ಒತ್ತಿ ತರಬೇಕು ಎಂದು ಚಿತ್ರ ಬರೆದು ತೋರಿಸಿದ್ದರು. ತಪ್ಪು ನಿಮ್ಮದು ಎಂಬ ಮಾತು ಎಲ್ಲೂ ಇರಲಿಲ್ಲ. ಬಳಸುವವರಿಗೆ ತಿಳಿಯಲೆಂದು ಇದನ್ನು ಫಾಂಟಿನ ಜೊತೆಗಿರುವ ಸೂಚನೆಯಲ್ಲಿ ಸೇರಿಸುತ್ತೇನೆ, ತಿಳಿಸಿದ್ದಕ್ಕೆ ಧನ್ಯವಾದ ಎಂದಿತ್ತು. ಆ ಪತ್ರಕ್ಕೆ ನಾವು ಏಳು ತಿಂಗಳು ಉತ್ತರ ಬರೆಯಲಿಲ್ಲ. ನಾಚಿಕೆಯೇ ಕಾರಣ, ಬೇರೇನೂ ಅಲ್ಲ. ಕೊನೆಗೊಂದು ದಿನ ಕುಳಿತು, ತಾಯಿಯವರು ಈಗ ಹೇಗಿದ್ದಾರೆ ಎಂದು ಮೊದಲ ಸಾಲಿನಲ್ಲಿ ಕೇಳಿ, ಎರಡನೆಯ ಸಾಲಿಗೆ ಏನು ಬರೆಯಬೇಕೆಂದು ತಿಳಿಯದೆ ಬಹಳ ಹೊತ್ತು ಹಾಗೆಯೇ ಕುಳಿತಿದ್ದೆವು.