ಬಂಡೆಯ ಮೇಲಿನ ತಾಳ್ಮೆ



ಈ ದಿನ ನಾವು ಕೇಳಿದ ಪಾಠ ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದ ಬಿತ್ತುವವನ ಸಾಮ್ಯ. ಬಂಡೆನೆಲದ ಮೇಲೆ ಬಿದ್ದ ಬೀಜದ ಮಾತು ಬಂದಾಗ ಉರಿಗಾಂನವರ ಕಿವಿ ನೆಟ್ಟಗಾಗಬೇಕು. ಚಿನ್ನದ ಗಣಿಯ ಕಲ್ಲನ್ನೇ ನಂಬಿ ಈ ಊರಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು ನಾವು. ಆ ಬೀಜ ಹೇಗೆ ಕೆಟ್ಟಿತು, ಗಮನಿಸಿ. ಮಣ್ಣು ತೆಳುವಾಗಿದ್ದುದರಿಂದ ಅದು ಬೇಗನೆ ಮೊಳೆಯಿತು. ಬಿಸಿಲೇರಿದಾಗ ಅಷ್ಟೇ ಬೇಗ ಬಾಡಿತು. ಬೇರಿಳಿಯುವ ಮೊದಲೇ ತಲೆಯೆತ್ತಿದ್ದು ಅದರ ಕೇಡು.

ಅಂಥದೇ ಬಂಡೆಯ ಮೇಲೆ ಬಾಡದೆ ಬಾಳುವ ಜೀವವನ್ನೂ ದೇವರು ಸೃಷ್ಟಿಸಿದ್ದಾನೆ. ಬಂಗಾರಪೇಟೆ ಸೀಮೆಯ ಗುಡ್ಡಗಳಲ್ಲಿ, ಹಳೆಯ ಸಮಾಧಿಕಲ್ಲುಗಳ ಮೇಲೆ ಬೂದು, ಹಳದಿ, ತಿಳಿಹಸಿರು ಬಣ್ಣದಲ್ಲಿ ಅಂಟಿಕೊಂಡಿರುವ ಕಲ್ಲುಹೂವನ್ನು ನೋಡಿ. ಅದರಲ್ಲಿ ಸಾವಿರಾರು ಜಾತಿಗಳಿವೆ. ನಮ್ಮಲ್ಲಿ ಅನೇಕರು ಕಲ್ಪಾಸಿ ಎಂದು ಬಿರಿಯಾನಿಗೆ ಹಾಕುವುದು ತಂಪಾದ ಮಲೆಗಳಲ್ಲಿ ಬೆಳೆಯುವ ಒಂದು ಜಾತಿ. ನಮ್ಮ ಜಿಲ್ಲೆಯ ಮಾವಿನ ತೊಗಟೆಗೂ ಬೇರೆ ಜಾತಿಗಳು ಹತ್ತುತ್ತವೆ. ಮರಕ್ಕೆ ರೋಗ ಬಂತೆಂದು ಹೆದರುವವರುಂಟು. ಆದರೆ ಕಲ್ಲುಹೂವು ಮರದ ಸಾರವನ್ನು ಹೀರುವುದಿಲ್ಲ. ಕೂರಲು ಜಾಗ ಸಿಕ್ಕರೆ ಅದಕ್ಕೆ ಸಾಕು.

ಅದು ಎರಡು ಜೀವಗಳ ಕೂಡುಬಾಳು. ಶಿಲೀಂಧ್ರ ಕಲ್ಲನ್ನು ಹಿಡಿದು, ತೇವವನ್ನು ಕಾಪಾಡುತ್ತದೆ; ಅದರೊಳಗಿನ ಪಾಚಿ ಬಿಸಿಲಿನಿಂದ ಇಬ್ಬರಿಗೂ ಅನ್ನ ಮಾಡುತ್ತದೆ. ಬೇರಿಲ್ಲ; ಮಳೆ, ಇಬ್ಬನಿ, ಗಾಳಿಯ ತೇವವೇ ಆಧಾರ. ಬೇಸಿಗೆಯಲ್ಲಿ ಒಣಗಿ ಸುಮ್ಮನಾಗುತ್ತದೆ, ಸಾಯುವುದಿಲ್ಲ. ನೀರು ಸೋಕಿದರೆ ಮತ್ತೆ ಉಸಿರಾಡುತ್ತದೆ. ಬಂಡೆಗೆ ಅಂಟಿದ ಅನೇಕ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹರಡುವುದಿಲ್ಲ. ಅಷ್ಟರಲ್ಲೇ ಅವುಗಳಿಂದ ಒಸರುವ ಆಮ್ಲ ಕಲ್ಲನ್ನು ಕಣಕಣವಾಗಿ ಸಡಿಲಿಸುತ್ತದೆ. ಅಲ್ಲಿ ಧೂಳು ನಿಲ್ಲುತ್ತದೆ, ಹಾವಸೆ ಬರುತ್ತದೆ, ಎಷ್ಟೋ ಕಾಲದ ಮೇಲೆ ಹುಲ್ಲು ಹುಟ್ಟುತ್ತದೆ. ಬೀಜಕ್ಕೆ ಇಲ್ಲದ ಮಣ್ಣು ಹೀಗೆ ಉಂಟಾಗುತ್ತದೆ.

ಈಗ ನಮ್ಮ ಸೈನೈಡ್ ಗುಡ್ಡಗಳ ಕಡೆ ತಿರುಗಿ. ಅವೂ ಕಲ್ಲೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಲ್ಲಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ, ಮೂರು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಇಳಿದು ಅಗೆದು ತಂದ ಕಲ್ಲನ್ನು ಪುಡಿಮಾಡಿ, ಚಿನ್ನ ತೆಗೆದು, ಉಳಿದದ್ದನ್ನು ಸುರಿದ ರಾಶಿ. ಗಾಳಿ ಬೀಸಿದರೆ ಅದು ನಮ್ಮ ಅಡುಗೆಮನೆಗೇ ಬರುತ್ತದೆ. ದಿನವೂ ಜಾರುವ ಆ ಹುಡಿಯ ಮೇಲೆ ನಿಧಾನವಾಗಿ ಬೆಳೆಯುವ ಜೀವ ಹೇಗೆ ನೆಲೆಯೂರೀತು? ಮರಳಿನ ಮೇಲೆ ಮನೆ ಕಟ್ಟಿದವನ ಕಥೆಯನ್ನು ಯೇಸುಸ್ವಾಮಿ ಹೇಳಿದ್ದು ನಮಗೆ ವಿವರಿಸಬೇಕಿಲ್ಲ.

ಪ್ರಿಯರೇ, ಗಣಿ ಮತ್ತೆ ತೆರೆಯುತ್ತದಂತೆ ಎಂಬ ಸುದ್ದಿ ಬಂದಾಗಲೆಲ್ಲ ಬಂಡೆಯ ಮೇಲಿನ ಆ ಬೀಜದಂತೆ ನಾವು ಚಿಗುರುತ್ತೇವೆ. ಸುದ್ದಿ ತಣ್ಣಗಾದರೆ ಬಾಡುತ್ತೇವೆ. ನಮ್ಮ ಭಕ್ತಿಯೂ ಹಲವು ಸಲ ಹೀಗೇ: ಉಪವಾಸಕೂಟದಲ್ಲಿ ಕಣ್ಣೀರು, ಮುಂದಿನ ತಿಂಗಳು ಮರೆವು. ಕಷ್ಟದ ಊರಿಗೆ ಬೇಕಾದದ್ದು ಬಿಸಿಲನ್ನು ದಾಟಿ ಉಳಿಯುವ ಪ್ರೀತಿ.

ಆದುದರಿಂದ ಇಷ್ಟು ಮಾಡೋಣ. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಅಂಥ ಮನೆಯ ಮಕ್ಕಳನ್ನು ಸಂಜೆ ಕೂರಿಸಿಕೊಂಡು ಓದಿಸಿ. ಗಣಿಯ ಧೂಳು ಕುಡಿದು ಉಸಿರು ಕಟ್ಟುತ್ತಿರುವ ಹಿರಿಯರ ಬಳಿ ಹೋಗಿ, ಔಷಧ ಮುಗಿದಿದೆಯೇ ಎಂದು ಕೇಳಿ. ಒಬ್ಬರೇ ಹೋಗಬೇಡಿ; ಕನ್ನಡದವರು ತಮಿಳಿನವರನ್ನೋ ತೆಲುಗಿನವರನ್ನೋ ಜೊತೆಗೆ ಕರೆದುಕೊಳ್ಳಿ. ಕ್ರಿಸ್ಮಸ್ಸಿಗೆ ಕೇಕ್ ಕೊಟ್ಟು ಬರುವುದಲ್ಲ. ಈ ವಾರ ಯಾವ ಮನೆಗೆ ಹೋಗುತ್ತೀರೋ, ಮುಂದಿನ ವರ್ಷವೂ ಆ ಮನೆಗೇ ಹೋಗುತ್ತಿರಬೇಕು. ಫಲ ಕಾಣಲಿಲ್ಲವೆಂದು ಬಿಡಬೇಡಿ. ನಮ್ಮ ಕಾಲಕ್ಕೆ ಮಣ್ಣಾಗುವುದೇ ನಮ್ಮ ಪಾಲಿನ ಕೆಲಸವಿದ್ದೀತು; ಬಿತ್ತುವವನು ದೇವರು.

ತಾಳಿಕೊಂಡು ನಿಲ್ಲುವ ಬಲವನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.